ಹುಬ್ಬಳ್ಳಿಯ ಎರಡು ದಿನದ ಡ್ರೈ ನೀಡ್ಲಿಂಗ್ ತರಬೇತಿ: ಸೊಂಟದ ಕೆಳಗೆ ಭೇಷ್, ಎದೆಯ ಹತ್ತಿರ ಅವಸರ

ಡ್ರೈ ನೀಡ್ಲಿಂಗ್ ಅಂದರೆ ನೋಯುವ ಸ್ನಾಯುವಿಗೆ ಔಷಧ ಇಲ್ಲದ ಸೂಜಿ ಚುಚ್ಚುವ ಚಿಕಿತ್ಸೆ. ಅದರ ತರಬೇತಿಗೆ ಶುಲ್ಕ 12,000 ರೂಪಾಯಿ. ಶನಿವಾರ, ರವಿವಾರ ಎರಡು ದಿನ, ಮುಂಜಾನೆ 9.30ರಿಂದ ಸಂಜೆ 6ರ ತನಕ. ಜಾಗ ವಿದ್ಯಾನಗರದ ಒಂದು ಹೋಟೆಲಿನ ಮೇಲ್ಮಹಡಿಯ ಹಾಲ್. ಕಲಿಯಲು ಬಂದವರು 28 ಮಂದಿ, ಕಲಿಸುವವರು ಇಬ್ಬರು. ಬಿಪಿಟಿ ಪದವಿ ಮುಗಿಸಿದ ಫಿಸಿಯೋಥೆರಪಿಸ್ಟರಿಗೆ ಮಾತ್ರ ಪ್ರವೇಶ ಎಂದು ಜಾಹೀರಾತಿನಲ್ಲಿತ್ತು. ಬಾಗಿಲಲ್ಲಿ ಯಾರೂ ಕಾಗದ ಕೇಳಲಿಲ್ಲ, ಇಂಟರ್ನ್‌ಶಿಪ್ ಇನ್ನೂ ಮುಗಿಯದ ಹುಡುಗರೂ ಕುಂತಿದ್ದರು. ಸಂಘಟಕರ ಹೆಸರು ಇಲ್ಲಿ ಬೇಡ. ಊರೂರು ತಿರುಗುವ ಈ ವಾರಾಂತ್ಯದ ವರ್ಕ್‌ಶಾಪುಗಳು ಹೆಚ್ಚೂಕಡಿಮೆ ಒಂದೇ ಅಚ್ಚಿನವು. ಒಂದನ್ನು ಬಿಚ್ಚಿ ನೋಡಿದರೆ ಉಳಿದವನ್ನು ಅಳೆಯಲು ಬರುತ್ತದೆ.

ಅಳೆಯುವ ಕೋಲು ಒಂದೇ. ಸೂಜಿ ಒಳಗೆ ಹೋದ ಮೇಲೆ ಅದರ ತುದಿ ಈಗ ಎಲ್ಲಿದೆ, ಇನ್ನೊಂದು ಸೆಂಟಿಮೀಟರ್ ಮುಂದೆ ಹೋದರೆ ಏನು ಸಿಗುತ್ತದೆ ಎಂದು ಕಲಿತವರು ಬಾಯಿಬಿಟ್ಟು ಹೇಳಬಲ್ಲರೇ? ಚರ್ಮ ದಾಟಿಸುವುದನ್ನು ಒಂದು ತಾಸಿನಲ್ಲಿ ಯಾರು ಬೇಕಾದರೂ ಕಲಿಯುತ್ತಾರೆ. ದುಡ್ಡು ಕೊಡುವುದು ಆ ತುದಿಯ ಲೆಕ್ಕ ಕಲಿಯಲಿಕ್ಕೆ. ಈ ತರಬೇತಿಯಲ್ಲಿ ಆ ಲೆಕ್ಕ ಕೈ, ಕಾಲು, ಸೊಂಟ, ಪೃಷ್ಠದ ಮಟ್ಟಿಗೆ ಚೆನ್ನಾಗಿ ಸಿಕ್ಕಿತು. ಕುತ್ತಿಗೆ, ಬೆನ್ನಿನ ಮೇಲ್ಭಾಗ, ಪಕ್ಕೆಲುಬಿನ ಮೇಲಿನ ಸ್ನಾಯುಗಳ ಮಟ್ಟಿಗೆ ಸಿಗಲಿಲ್ಲ.

ಸ್ಲೈಡುಗಳ ಭಾಗ ಬೇಗ ಹೇಳಿ ಮುಗಿಸಬಹುದು. ಔಷಧ ಇಲ್ಲದ, ಒಳಗೆ ತೂತಿಲ್ಲದ ತೆಳು ಸೂಜಿಯನ್ನು ಸ್ನಾಯುವಿನ ಬಿಗಿ ಪಟ್ಟಿಯಲ್ಲಿರುವ ನೋವಿನ ಗಂಟಿಗೆ, ಅಂದರೆ ಟ್ರಿಗರ್ ಪಾಯಿಂಟಿಗೆ ಇಳಿಸುವುದು ಡ್ರೈ ನೀಡ್ಲಿಂಗ್. ಅಮೆರಿಕದ ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್ ಮತ್ತು ಅವರ ಜೊತೆಗಾರ ಡೇವಿಡ್ ಸೈಮನ್ಸ್ ಈ ಗಂಟುಗಳ ನಕ್ಷೆ ಹಾಕಿಕೊಟ್ಟರು. ನೋವು ಇಳಿಸುವುದರಲ್ಲಿ ಇಂಜೆಕ್ಷನ್ನಿನ ಔಷಧದಷ್ಟೇ ಬರೀ ಚುಚ್ಚುವಿಕೆಗೂ ಪಾಲಿದೆ ಎಂದು ಚೆಕ್ ವೈದ್ಯ ಕರೆಲ್ ಲೆವಿಟ್ 1979ರಲ್ಲಿ ಬರೆದರು. ಇಷ್ಟನ್ನು ಸರಿಯಾಗಿಯೇ ಹೇಳಿದರು. ಅಕ್ಯುಪಂಕ್ಚರಿಗೂ ಇದಕ್ಕೂ ಏನು ಫರಕು ಎಂಬುದನ್ನು ಮಾತ್ರ ಅರ್ಧ ತಾಸು ಎಳೆದರು. ಸೂಜಿ ಅದೇ, ನಕ್ಷೆ ಬೇರೆ ಎಂದಿದ್ದರೆ ಮುಗಿಯುತ್ತಿತ್ತು.

ತಕರಾರು ಇರುವುದು "ಒಂದೇ ಸಿಟ್ಟಿಂಗ್‌ನಲ್ಲಿ ಗುಣ" ಎಂದು ಮೂರು ನಾಲ್ಕು ಸಲ ಬಂದ ಮಾತಿಗೆ. ಫಿಸಿಯೋಥೆರಪಿಸ್ಟರು ಮಾಡಿದ ಡ್ರೈ ನೀಡ್ಲಿಂಗ್ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದ 2017ರ ಒಂದು ದೊಡ್ಡ ವಿಶ್ಲೇಷಣೆ ಹೇಳುವುದು ಇಷ್ಟು: ಚಿಕಿತ್ಸೆಯೇ ಇಲ್ಲದ್ದಕ್ಕೆ ಅಥವಾ ನಕಲಿ ಸೂಜಿಗೆ ಹೋಲಿಸಿದರೆ ತಕ್ಷಣದಿಂದ 12 ವಾರದವರೆಗೆ ನೋವು ಕಡಿಮೆಯಾಗುತ್ತದೆ, ಆದರೆ ಪುರಾವೆಯ ಗುಣಮಟ್ಟ ತೀರಾ ಕೆಳಗಿನದರಿಂದ ಮಧ್ಯಮದವರೆಗೆ, ದೀರ್ಘಕಾಲದ ಲಾಭಕ್ಕೆ ಆಧಾರ ಸಾಲದು. ಸೂಜಿ ತೆರೆದುಕೊಡುವುದು ಕೆಲವು ದಿನಗಳ ಸಂದು. ಆ ಸಂದಿನಲ್ಲಿ ಸ್ನಾಯುವಿಗೆ ವ್ಯಾಯಾಮ ಕೊಡದಿದ್ದರೆ ಅದೇ ರೋಗಿ ಅದೇ ಗಂಟು ಹೊತ್ತು ತಿಂಗಳೊಳಗೆ ಮತ್ತೆ ಬಂದು ಕೂರುತ್ತಾರೆ. ಸೂಜಿಯ ನಂತರದ ವ್ಯಾಯಾಮಕ್ಕೆ ಎರಡು ದಿನದಲ್ಲಿ ಒಂದು ಸ್ಲೈಡೂ ಇರಲಿಲ್ಲ. ಬೆಟಗೇರಿಯ ಮಗ್ಗದ ಮುಂದೆ ಕುಂತು ಕುತ್ತಿಗೆ ಬಗ್ಗಿಸುವ ನೇಕಾರರಿಗೆ, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರಿಗೆ ಬರೀ ಸೂಜಿ ಹಾಕಿ ಕಳಿಸಿದರೆ ಮರುದಿನ ಅದೇ ಮಗ್ಗ, ಅದೇ ಚೀಲ.

ಕಿಟ್ ಚೆನ್ನಾಗಿತ್ತು. 0.25×25 ಮಿಲಿಮೀಟರಿನ 20 ಸೂಜಿ, 0.30×40ರ 20, 0.30×60ರ 10, ಆಲ್ಕೋಹಾಲ್ ಸ್ವ್ಯಾಬ್, ಎರಡು ಜೊತೆ ಗ್ಲೌಸ್, ಚರ್ಮದ ಮೇಲೆ ಗುರುತು ಹಾಕುವ ಪೆನ್ಸಿಲ್. ಮೊದಲ ಅಂಕೆ ದಪ್ಪ, ಎರಡನೆಯದು ಉದ್ದ. ಹಿಡಿಕೆ ಸ್ಟೀಲಿನದು, ಹಾಗಾಗಿ ಮುಂದೆ ಕರೆಂಟ್ ಕೊಟ್ಟು ನೀಡ್ಲಿಂಗ್ ಮಾಡುವವರಿಗೂ ಕ್ಲಿಪ್ ಕೂರುತ್ತದೆ. ಪ್ಲಾಸ್ಟಿಕ್ ಹಿಡಿಕೆಯ ಸೂಜಿಗೆ ಕ್ಲಿಪ್ಪನ್ನು ಕೆಳಗಿನ ತಂತಿಗೇ ಹಾಕಬೇಕಾಗುತ್ತದೆ. ಸಿಲಿಕಾನ್ ಲೇಪ ಇಲ್ಲದ ಸೂಜಿ ಕೊಟ್ಟಿದ್ದು ಕಂಜೂಸಿ ಎಂದು ಕೆಲವರು ಗೊಣಗಿದರು. ಕಲಿಯುವವರಿಗೆ ಅದೇ ಲಾಯಕ್ಕು. ಲೇಪವಿದ್ದರೆ ಸೂಜಿ ಬೆಣ್ಣೆಯೊಳಗೆ ಹೋದಂತೆ ಜಾರುತ್ತದೆ. ಚರ್ಮ, ಕೊಬ್ಬು, ಸ್ನಾಯುವಿನ ಹೊದಿಕೆ, ಬಿಗಿ ಪಟ್ಟಿ ಒಂದೊಂದಕ್ಕೂ ಬೆರಳಿಗೆ ಸಿಗುವ ಬೇರೆ ಬೇರೆ ತಡೆ ಗೊತ್ತಾಗುವುದೇ ಇಲ್ಲ.

ಮೈಮೇಲೆ ಹಾಕುವ ಮುಂಚೆ ಮೋಸಂಬಿ ಮತ್ತು ಸಾಬೂನಿನ ಮೇಲೆ ಅಭ್ಯಾಸ ಮಾಡಿಸಿದ್ದು ಇಡೀ ತರಬೇತಿಯ ಜಾಣತನದ ಘಳಿಗೆ. ಮೋಸಂಬಿಯ ಸಿಪ್ಪೆ ದಾಟುವಾಗ ಸಿಗುವ ಸಣ್ಣ "ಟಪ್" ಚರ್ಮದ್ದನ್ನೇ ಹೋಲುತ್ತದೆ. ಸಾಬೂನು ಬೇರೆ ಪಾಠ ಹೇಳುತ್ತದೆ: ಕೈ ಒಂದಿಷ್ಟು ವಾಲಿದರೂ ಸೂಜಿ ಬಾಗಿ ನಿಲ್ಲುತ್ತದೆ. ಸೂಜಿಯನ್ನು ನೆಟ್ಟಗೆ ಹಿಡಿಯುವ ಕೊಳವೆಯನ್ನು, ಅಂದರೆ ಗೈಡ್ ಟ್ಯೂಬನ್ನು ಚರ್ಮಕ್ಕೆ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಮೇಲೆ ಚಾಚಿದ ನಾಲ್ಕೈದು ಮಿಲಿಮೀಟರ್ ಹಿಡಿಕೆಯನ್ನು ತೋರುಬೆರಳಿನಿಂದ ಒಂದೇ ಏಟಿಗೆ ತಟ್ಟಬೇಕು. ಅಂಜಿ ಮೂರು ಸಲ ಮೆಲ್ಲಗೆ ತಟ್ಟಿದರೆ ಮೂರು ಸಲ ಉರಿಯುತ್ತದೆ, ಯಾಕೆಂದರೆ ನೋವಿನ ನರದ ತುದಿಗಳು ಹೆಚ್ಚಿಗೆ ಇರುವುದು ಚರ್ಮದಲ್ಲೇ. ಟ್ಯೂಬ್ ತೆಗೆದ ಮೇಲೆ ಸೂಜಿಯ ತಂತಿಯನ್ನು ಬರಿಬೆರಳಿನಿಂದ ಮುಟ್ಟಬಾರದು. ಹಾಲಿನಲ್ಲಿ ಅರ್ಧದಷ್ಟು ಮಂದಿ ಮುಟ್ಟಿದರು; ಇಬ್ಬರೇ ಶಿಕ್ಷಕರು ಎಷ್ಟು ಕಡೆ ಕಣ್ಣಿಟ್ಟಾರು?

ಇಲ್ಲಿಂದ ಮುಂದೆ ಎಡವಟ್ಟು ಶುರು. ಮೈಮೇಲೆ ಹಾಕಿಸಿದ ಮೊಟ್ಟಮೊದಲ ಸೂಜಿ ಅಪ್ಪರ್ ಟ್ರೆಪೀಜಿಯಸ್‌ಗೆ, ಅಂದರೆ ಕುತ್ತಿಗೆ-ಹೆಗಲಿನ ನಡುವಿನ ಸ್ನಾಯುವಿಗೆ. ಯಾಕೆ ಎಂಬುದು ಎಲ್ಲರಿಗೂ ಗೊತ್ತು. ಅಲ್ಲಿ ಟ್ವಿಚ್, ಅಂದರೆ ಸ್ನಾಯು ಒಮ್ಮೆಲೆ ಜಿಗಿಯುವುದು, ಬೇಗ ಬರುತ್ತದೆ. ಹಾಲಿನಲ್ಲಿ "ಬಂತು, ಬಂತು" ಎಂದು ಗದ್ದಲ ಏಳುತ್ತದೆ, ಫೋಟೋಕ್ಕೂ ಚಲೋ ಕಾಣುತ್ತದೆ. ಆದರೆ ಪುಪ್ಪುಸದ ತುದಿ ಕಾಲರ್ ಮೂಳೆಯ ಒಳಭಾಗಕ್ಕಿಂತ ಎರಡೂವರೆ ಸೆಂಟಿಮೀಟರಿನಷ್ಟು ಮೇಲಕ್ಕೆ ಏರಿರುತ್ತದೆ. ಸೂಜಿ ಹಿಡಿದು ಒಂದು ತಾಸೂ ಆಗದ ಕೈಗೆ ಅದು ಮೊದಲ ಪಾಠದ ಜಾಗವಲ್ಲ.

ಸರಿಯಾದ ರೀತಿ ಇದು. ರೋಗಿ ಬೋರಲಾಗಿ ಅಥವಾ ಮಗ್ಗುಲಾಗಿ ಮಲಗಿರಬೇಕು. ಕುಂತಿರಬಾರದು, ತಲೆ ತಿರುಗಿ ಬಿದ್ದರೆ ಸೂಜಿ ಒಳಗೇ ಇರುತ್ತದೆ. ಹೆಬ್ಬೆರಳು ಒಂದು ಕಡೆ, ತೋರುಬೆರಳು ಮತ್ತು ನಡುಬೆರಳು ಇನ್ನೊಂದು ಕಡೆ ಇಟ್ಟು, ಚಪಾತಿ ಹಿಟ್ಟಿನ ಮಡಿಕೆ ಎತ್ತಿದ ಹಾಗೆ ಸ್ನಾಯುವನ್ನು ಪಕ್ಕೆಲುಬಿನಿಂದ ಮೇಲಕ್ಕೆ ಎತ್ತಬೇಕು. ಇದೇ ಪಿಂಚರ್ ಗ್ರಿಪ್. ಹೀಗೆ ಎತ್ತಿದ ಮಡಿಕೆಯೊಳಗೆ ಮಾತ್ರ ಸೂಜಿ; ಒಂದು ಬೆರಳಿನ ಕಡೆಯಿಂದ ಹೊರಟು ಎದುರಿನ ಬೆರಳಿನ ಕಡೆಗೆ. ತುದಿ ಬಂದದ್ದು ಎದುರಿನ ಬೆರಳಿಗೆ ತಿಳಿಯಬೇಕು. ಕೆಳಕ್ಕೆ ಎದೆಯ ಕಡೆ ಮುಖ ಮಾಡಿದ ಸೂಜಿಯೆಲ್ಲ ತಪ್ಪು ಸೂಜಿಯೇ. ಎತ್ತಿ ಹಿಡಿದ ಕೈ ಸಡಿಲಾದರೆ ಮೊದಲು ಸೂಜಿ ಹೊರಗೆ, ಆಮೇಲೆ ಕೈ ಬದಲು. ಅಲ್ಲಿ ಆದದ್ದು ಉಲ್ಟಾ: ಟ್ವಿಚ್ ಬಂದ ಖುಷಿಗೆ ಹಿಡಿತ ಬಿಟ್ಟು, ಸೂಜಿ ಮಾತ್ರ ಒಳಗೆ ಆಡಿಸುತ್ತಿದ್ದ ಕೈಗಳು ಮೂರು ಟೇಬಲಿನಲ್ಲಿ ಕಂಡವು. ಉದ್ದದ ಬಗ್ಗೆಯೂ ಒಂದು ಮಾತು. ತೆಳ್ಳನೆಯ ಮೈಗೆ 25 ಮಿಲಿಮೀಟರ್ ಧಾರಾಳವಾಯಿತು. ಕಿಟ್ಟಿನಲ್ಲಿ 40 ಇದೆ ಎಂದು 40 ತೆಗೆಯುವುದು ಯಾಕೆ?

ಮಧ್ಯಾಹ್ನ ಊಟದ ನಂತರ ಮುಂಗೈಗೆ ಇಳಿದರು. ಮುಂಜಾನೆ ಇದರಿಂದಲೇ ಶುರು ಮಾಡಬೇಕಿತ್ತು. ಟೆನಿಸ್ ಎಲ್ಬೋ ಎಂದು ಬರುವವರಲ್ಲಿ ಟೆನಿಸ್ ಆಡುವವರು ಈ ಕಡೆ ಎಲ್ಲಿದ್ದಾರೆ? ರೊಟ್ಟಿ ಬಡಿಯುವವರು, ಗೌಂಡಿಗಳು, ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವಂಥ ಕೆಲಸದ ಹೆಣ್ಣುಮಕ್ಕಳು ಹಿಡಿದುಕೊಂಡು ಬರುವುದು ಈ ಮೊಣಕೈಯನ್ನೇ. ಮೊಣಕೈ ಹೊರಗಂಟಿನಿಂದ ಮೂರು ಬೆರಳು ಕೆಳಗೆ, 25ರ ಸೂಜಿ, ಅಂಗೈ ಕೆಳಮುಖ, ತೋಳಿಗೆ ಆಸರೆ. ಇಲ್ಲಿ ಅಂಜಬೇಕಾದ್ದು ಆಳದಲ್ಲಿ ಹೋಗುವ ರೇಡಿಯಲ್ ನರದ ಕೊಂಬೆಗೆ ಮಾತ್ರ. ಶಿಕ್ಷಕರು ಇಲ್ಲಿ ಒಂದು ಒಳ್ಳೆಯ ಕ್ರಮ ಮಾಡಿಸಿದರು: ಒಬ್ಬರು ಬಿಗಿ ಪಟ್ಟಿ ಹುಡುಕಿ ಪೆನ್ಸಿಲಿನಲ್ಲಿ ಗುರುತು ಹಾಕಬೇಕು, ಒರೆಸಿ, ಇನ್ನೊಬ್ಬರು ಹುಡುಕಬೇಕು. ಎರಡು ಗುರುತು ಕೂಡಿದ್ದು ಕಡಿಮೆಯೇ. ಟ್ರಿಗರ್ ಪಾಯಿಂಟನ್ನು ಕೈಯಿಂದ ಹುಡುಕುವುದರಲ್ಲಿ ಇಬ್ಬರು ಪರೀಕ್ಷಕರ ಮಾತು ಕೂಡುವುದು ಕಷ್ಟ ಎಂಬುದು ಈ ವಿದ್ಯೆಯ ಹಳೆಯ ಟೀಕೆ. ಅದನ್ನು ಸ್ಲೈಡಿನಲ್ಲಿ ಹೇಳದೆ ಪೆನ್ಸಿಲಿನಲ್ಲಿ ತೋರಿಸಿದ್ದಕ್ಕೆ ಶಾಬಾಸ್ ಅನ್ನಬೇಕು.

ಟ್ವಿಚ್ ಬೆನ್ನು ಹತ್ತುವ ಚಟ ಮಾತ್ರ ಬಿಡಿಸಲಿಲ್ಲ. ಒಂದು ಜಾಗದಲ್ಲಿ ಸೂಜಿಯನ್ನು ಐದಾರು ಸಲ ಮೇಲೆ-ಕೆಳಗೆ ಮಾಡಿದರೂ ಸ್ನಾಯು ಜಿಗಿಯದಿದ್ದರೆ ಬಿಟ್ಟುಬಿಡಬೇಕು. ಟ್ವಿಚ್ ಬಂದಷ್ಟೂ ಫಲ ಹೆಚ್ಚು ಎಂಬುದು ತೀರ್ಮಾನವಾದ ಮಾತಲ್ಲ. ಕುಕ್ಕಿದಷ್ಟೂ ಮರುದಿನದ ನೋವು ಹೆಚ್ಚು ಎಂಬುದಂತೂ ಖರೆ. ದಿಕ್ಕು ಬದಲಿಸುವುದಿದ್ದರೆ ತುದಿಯನ್ನು ಚರ್ಮದ ಕೆಳಗಿನವರೆಗೆ ಎಳೆದುಕೊಂಡು ಆಮೇಲೆ ತಿರುಗಿಸಬೇಕು. ಸ್ನಾಯುವಿನೊಳಗೇ ತಿರುಗಿಸಿದರೆ ಸೂಜಿ ಬಾಗುತ್ತದೆ, ಬಾಗಿದ ಸೂಜಿ ನೀವು ಅಂದುಕೊಂಡ ಕಡೆ ಹೋಗುವುದಿಲ್ಲ. ಹಿಡಿಕೆಯ ಬುಡದ ತನಕ ಎಂದೂ ಇಳಿಸಬಾರದು. ಒಂದು ಸೆಂಟಿಮೀಟರಾದರೂ ಹೊರಗೆ ಕಾಣಬೇಕು, ಮುರಿದರೆ ಚಿಮಟದಲ್ಲಿ ಹಿಡಿಯಲು ಬೇಕಾಗುತ್ತದೆ. ಸ್ನಾಯು ಬಿಗಿದು ಸೂಜಿ ಸಿಕ್ಕಿಕೊಂಡರೆ ಜಗ್ಗಬೇಡಿ. ಎರಡು ನಿಮಿಷ ಬಿಡಿ, ಸುತ್ತ ಮೆಲ್ಲಗೆ ತಟ್ಟಿ, ಒಂದೇ ದಿಕ್ಕಿಗೆ ತಿರುಗಿಸಿದ್ದರೆ ಉಲ್ಟಾ ತಿರುಗಿಸಿ, ಅದಕ್ಕೂ ಬಗ್ಗದಿದ್ದರೆ ಪಕ್ಕದಲ್ಲಿ ಇನ್ನೊಂದು ಸೂಜಿ ಹಾಕಿದರೆ ಹಿಡಿತ ಸಡಿಲುತ್ತದೆ. ಈ ಭಾಗವನ್ನು ಶಿಕ್ಷಕರು ಬಿಡಿಸಿ ಬಿಡಿಸಿ ಹೇಳಿದರು.

ರವಿವಾರದ ಮುಂಜಾನೆಯ ಪೃಷ್ಠ ಮತ್ತು ಕಾಲಿನ ಪಾಠಕ್ಕೆ ಕೊಟ್ಟ ಹಣ ವಸೂಲು. ಪೃಷ್ಠದ ಹೊರಮಗ್ಗುಲಿನ ಸ್ನಾಯು ಗ್ಲುಟಿಯಸ್ ಮೀಡಿಯಸ್ ಕಲಿಸಿದ ಕ್ರಮವನ್ನು ಹಾಗೇ ಬರೆದಿಟ್ಟುಕೊಳ್ಳಬಹುದು. ರೋಗಿ ಮಗ್ಗುಲಾಗಿ, ಮೊಣಕಾಲ ನಡುವೆ ದಿಂಬು. ಸೊಂಟದ ಮೂಳೆಯ ಅಂಚು ಮತ್ತು ತೊಡೆ ಮೂಳೆಯ ಹೊರಗಂಟು ಎರಡನ್ನೂ ಪೆನ್ಸಿಲಿನಲ್ಲಿ ಗುರುತಿಸಿ, ನಡುವಿನ ಜಾಗದ ಮೇಲಿನ ಅರ್ಧದಲ್ಲಿ ಕೆಲಸ. ಎರಡು ಬೆರಳಿನಿಂದ ಕೊಬ್ಬನ್ನು ಗಟ್ಟಿ ಒತ್ತಿ ಮೂಳೆ ಎಷ್ಟು ಆಳಕ್ಕೆ ಇದೆ ಎಂದು ಅಂದಾಜು ಮಾಡಿ, ಆ ಆಳಕ್ಕೆ ಹೊರಗುಳಿಯುವ ಒಂದು ಸೆಂಟಿಮೀಟರ್ ಕೂಡಿಸಿ ಸೂಜಿ ಆರಿಸಬೇಕು. ಹೆಚ್ಚಿನವರಿಗೆ 60 ಸಾಕು. ಸೂಜಿ ನೇರ ಮೂಳೆಯ ಕಡೆಗೆ. ಮೂಳೆ ಮುಟ್ಟಿದಾಗ ಬೆರಳಿಗೆ ಗಡುಸಾದ "ಟಕ್" ತಿಳಿಯುತ್ತದೆ. ಮುಂದೆ ಹೋಗಲು ಜಾಗವೇ ಇಲ್ಲ, ಇದೇ ಈ ಸ್ನಾಯುವಿನ ದೊಡ್ಡ ಗುಣ. ಹೊಸಬರ ಕೈಗೆ ಇಂಥ ಗೋಡೆ ಬೇಕು. ಗ್ಯಾಸ್ಟ್ರಾಕ್ನೀಮಿಯಸ್‌ನಲ್ಲಿ ಮೀನಖಂಡದ ಒಳಗಿನ ಮತ್ತು ಹೊರಗಿನ ತಲೆಗಳನ್ನು ಬೇರೆಬೇರೆಯಾಗಿ ಹಿಡಿದು, ನಡುಗೆರೆಯನ್ನು ಮುಟ್ಟದಂತೆ ಕಲಿಸಿದರು, ಯಾಕೆಂದರೆ ದೊಡ್ಡ ನರ-ರಕ್ತನಾಳ ಹೋಗುವುದು ಅಲ್ಲೇ. ಒಂದು ಕಾಲು ಮಾತ್ರ ಬಾತು, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಸೂಜಿ ಮುಟ್ಟಬೇಡಿ, ರಕ್ತ ಹೆಪ್ಪುಗಟ್ಟಿದೆಯೋ ಎಂದು ಮೊದಲು ನೋಡಿಸಿ ಎಂದದ್ದು ಬಂಗಾರದಂಥ ಮಾತು.

ಪೃಷ್ಠದ ಆಳದ ಸ್ನಾಯು ಪಿರಿಫಾರ್ಮಿಸ್‌ಗೆ ಹತ್ತು ನಿಮಿಷ ಕೊಟ್ಟರು. ಕಾಲಿಗೆ ಇಳಿಯುವ ದೊಡ್ಡ ಸಯಾಟಿಕ್ ನರ ಪಕ್ಕದಲ್ಲೇ ಇರುವ ಸ್ನಾಯುವಿಗೆ ಹತ್ತು ನಿಮಿಷ ಎಲ್ಲಿ ಸಾಲುತ್ತದೆ? ಟ್ವಿಚ್ ಬಂದರೂ, ನರ ತಾಗಿದರೂ ನಮ್ಮ ಕಡೆಯ ರೋಗಿಗಳು ಹೇಳುವುದು ಒಂದೇ ಮಾತು: "ಕರೆಂಟ್ ಹೊಡದಂಗಾತ್ರಿ." ಇದನ್ನು ಹೊರಗಿನಿಂದ ಬಂದ ಶಿಕ್ಷಕರು ಹಿಡಿಯಲಿಲ್ಲ. ಮರುಪ್ರಶ್ನೆ ಕೇಳಲೇಬೇಕು: "ಕರೆಂಟ್ ಅಲ್ಲೇ ಉಳೀತೇನ್ರಿ, ಕಾಲಾಗ ಕೆಳಗ ಹೋತೇನ್ರಿ?" ಅಲ್ಲೇ ಹಿಡಿದು ಬಿಟ್ಟಂತೆ ಆದರೆ ಸ್ನಾಯು. ಗೆರೆ ಎಳೆದ ಹಾಗೆ ಪಾದದ ಕಡೆ ಓಡಿದರೆ ನರ; ಸೂಜಿ ತಕ್ಷಣ ಹಿಂದಕ್ಕೆ ಬರಬೇಕು.

ಬೆನ್ನೆಲುಬಿಗೆ ಅಂಟಿಕೊಂಡ ಸೊಂಟದ ಸ್ನಾಯು ಮಲ್ಟಿಫಿಡಸ್ ಪಾಠ ಚೆನ್ನಾಗಿತ್ತು. ಬೆನ್ನೆಲುಬಿನ ನಡುಗಂಟಿನಿಂದ ಒಂದು ಬೆರಳ ಅಗಲ ಪಕ್ಕಕ್ಕೆ, ತುದಿ ಒಳಮುಖ ಮತ್ತು ತುಸು ಕೆಳಮುಖ, ಲ್ಯಾಮಿನಾ ಎಂಬ ಮೂಳೆಯ ತಟ್ಟೆ ಸಿಗುವ ತನಕ. ಹೊರಮುಖ ಮಾಡಬಾರದು ಎಂಬುದನ್ನು ಪ್ರತಿ ಟೇಬಲಿಗೂ ಹೋಗಿ ನೋಡಿದರು. ಇನ್‌ಫ್ರಾಸ್ಪೈನೇಟಸ್‌ನಲ್ಲಿ ಅಂದರೆ ಹೆಗಲಹಲಗೆಯ ಹಿಂಬದಿಯ ಸ್ನಾಯುವಿನಲ್ಲಿ, ಹಲಗೆಯ ಮೂರೂ ಅಂಚು ಗುರುತಿಸದೆ ಸೂಜಿ ಎತ್ತಬಾರದು ಎಂಬ ನಿಯಮವೂ ಸರಿ. ಆದರೆ ಹಿಂದೆ ಹಲಗೆ ಇದೆ, ಏನೂ ಆಗುವುದಿಲ್ಲ ಎಂದು ಪೂರ್ತಿ ಭರವಸೆ ಕೊಟ್ಟದ್ದು ಸರಿಯಲ್ಲ. ಆ ಮೂಳೆ ನಡುವೆ ಕಾಗದದಷ್ಟು ತೆಳುವಾಗಿರುತ್ತದೆ, ಕೆಲವರಲ್ಲಿ ಹುಟ್ಟಿನಿಂದಲೇ ತೂತಿರುತ್ತದೆ.

ಬೆನ್ನೆಲುಬು-ಹೆಗಲಹಲಗೆಯ ನಡುವಿನ ರಾಂಬಾಯ್ಡ್, ಕುತ್ತಿಗೆಯಿಂದ ಹೆಗಲಹಲಗೆಗೆ ಇಳಿಯುವ ಲಿವೇಟರ್ ಸ್ಕ್ಯಾಪ್ಯುಲೇ, ಸೊಂಟದ ಆಳದ ಕ್ವಾಡ್ರೇಟಸ್ ಲಂಬೋರಮ್, ತಲೆಬುರುಡೆಯ ಬುಡದ ಸಣ್ಣ ಸ್ನಾಯುಗಳು, ಈ ನಾಲ್ಕನ್ನೂ ರವಿವಾರ ಸಂಜೆ ನಾಲ್ಕರಿಂದ ಐದೂವರೆಯೊಳಗೆ ಮುಗಿಸಿದರು. ರೈಲಿನ ವೇಳೆ ಆಗಿತ್ತೋ ಏನೋ. ರಾಂಬಾಯ್ಡ್‌ಗೆ ಎರಡು ಬೆರಳನ್ನು ಪಕ್ಕೆಲುಬಿನ ಮೇಲಿನ ಸಂದಿಗೊಂದು, ಕೆಳಗಿನ ಸಂದಿಗೊಂದು ಇಟ್ಟು ಸಂದಿ ಮುಚ್ಚಿ, ನಡುವಿನ ಎಲುಬಿನ ಮೇಲೆ ಮಾತ್ರ, ಚರ್ಮಕ್ಕೆ ಓರೆಯಾಗಿ ಸೂಜಿ ಇಳಿಸುವುದು ಕ್ರಮ. ಉಸಿರಾಡಿದಾಗ ಎಲುಬು ಸರಿಯುತ್ತದೆ, ದಪ್ಪ ಮೈಯವರಲ್ಲಿ ಎಲುಬೇ ಕೈಗೆ ಸಿಗುವುದಿಲ್ಲ. ಇದನ್ನು ಪರದೆಯ ಮೇಲೆ ತೋರಿಸಿ, ಒಬ್ಬರ ಮೇಲೆ ಮಾಡಿ, "ಕೇರ್‌ಫುಲ್ ಆಗಿರಿ" ಎಂದರೆ ಕಲಿಸಿದ ಹಾಗಾಯಿತೇ? ಕ್ವಾಡ್ರೇಟಸ್‌ನ ಮುಂದೆ ಮೂತ್ರಪಿಂಡ, ತಲೆಬುಡದಲ್ಲಿ ಮಿದುಳಿಗೆ ರಕ್ತ ಒಯ್ಯುವ ವರ್ಟಿಬ್ರಲ್ ಅಪಧಮನಿ. ಈ ತರಬೇತಿ ಮುಗಿಸಿ ಸೋಮವಾರ ಕ್ಲಿನಿಕ್ಕಿನಲ್ಲಿ ಈ ನಾಲ್ಕನ್ನು ಮುಟ್ಟಬೇಡಿ. ಕೈಯಿಂದ ಒತ್ತಿ ಬಿಡಿಸುವ ವಿದ್ಯೆ ಹೇಗೂ ಇದೆಯಲ್ಲ.

ಹೊರದೇಶದ ಕೋರ್ಸುಗಳಲ್ಲಿ ಸೂಜಿಯ ತುದಿಯನ್ನು ಅಲ್ಟ್ರಾಸೌಂಡ್ ಪರದೆಯ ಮೇಲೆ ತೋರಿಸುತ್ತಾರೆ, ಇಲ್ಲೇಕಿಲ್ಲ ಎಂದು ಒಬ್ಬರು ಕೇಳಿದರು. ಅದು ಸಂಘಟಕರ ತಪ್ಪಲ್ಲ. ಭ್ರೂಣಲಿಂಗ ಪತ್ತೆ ತಡೆಯುವ ಪಿಸಿ-ಪಿಎನ್‌ಡಿಟಿ ಕಾಯ್ದೆ ಇರುವಾಗ ನೋಂದಣಿಯಾಗದ ಹೋಟೆಲ್ ಹಾಲಿಗೆ ಸ್ಕ್ಯಾನಿಂಗ್ ಯಂತ್ರ ಹೊತ್ತು ತರುವಂತಿಲ್ಲ. ಆದರೆ ಅಂಗರಚನೆ ತೋರಿಸಲು ಬೇರೆ ದಾರಿ ಇತ್ತು. ವಿದ್ಯಾನಗರದಲ್ಲೇ ಸರಕಾರಿ ಮೆಡಿಕಲ್ ಕಾಲೇಜಿದೆ, ಈಗ ಹೆಸರು ಕೆಎಂಸಿಆರ್‌ಐ ಆದರೂ ಮಂದಿಯ ಬಾಯಲ್ಲಿ ಇನ್ನೂ ಕಿಮ್ಸ್. ಧಾರವಾಡದ ಕಡೆಯ ಚಿಗರಿ ಬಸ್ಸು ಹತ್ತಿದರೆ ಸತ್ತೂರಿನಲ್ಲಿ ಇನ್ನೊಂದು ಮೆಡಿಕಲ್ ಕಾಲೇಜು ಎಸ್‌ಡಿಎಂ ಇದೆ. ಯಾವುದಾದರೂ ಅನಾಟಮಿ ವಿಭಾಗದ ಜೊತೆ ಮಾತಾಡಿ ಅರ್ಧ ದಿನ ಶವಚ್ಛೇದನದ ಮೇಜಿನ ಮುಂದೆ ನಿಲ್ಲಿಸಿದ್ದರೆ, ಟ್ರೆಪೀಜಿಯಸ್‌ನ ಕೆಳಗೆ ಎದೆಗೂಡು ಎಷ್ಟು ಹತ್ತಿರ ಎಂದು ಕಣ್ಣಿಗೇ ಕಾಣುತ್ತಿತ್ತು. ಹಾಲಿನ ಬಾಡಿಗೆಯೂ ಉಳಿಯುತ್ತಿತ್ತು.

ಟೇಬಲುಗಳ ಲೆಕ್ಕವನ್ನೂ ಹೇಳಬೇಕು. ಚಿಕಿತ್ಸೆಯ ಟೇಬಲ್ 7. ಉಳಿದವರು ಹೋಟೆಲಿನ ಮೀಟಿಂಗ್ ಟೇಬಲುಗಳಿಗೆ ಬೆಡ್‌ಶೀಟ್ ಹಾಸಿ ಕೆಲಸ ಮಾಡಿದರು. ಮುಖ ಇಡಲು ತೂತಿಲ್ಲದ ಮೇಜಿನ ಮೇಲೆ ಬೋರಲು ಮಲಗಿದರೆ ಕುತ್ತಿಗೆ ಒಂದು ಕಡೆ ತಿರುಗುತ್ತದೆ, ತಿರುಗಿದ ಕುತ್ತಿಗೆಯಲ್ಲಿ ಎರಡೂ ಕಡೆಯ ಸ್ನಾಯು ಒಂದೇ ರೀತಿ ಸಿಗುವುದಿಲ್ಲ. ಸಣ್ಣ ಸಂಗತಿ ಅನ್ನಿಸಬಹುದು. ಗುರುತು ಅರ್ಧ ಬೆರಳು ಸರಿಯಲು ಅಷ್ಟು ಸಾಕು.

ಸ್ವಚ್ಛತೆಯಲ್ಲಿ ಪಾಸು-ನಪಾಸು ಎರಡೂ. ಒಂದು ಸಲ ಚರ್ಮದಿಂದ ಹೊರಬಂದ ಸೂಜಿ ಅದೇ ರೋಗಿಗೂ ಮತ್ತೆ ಇಲ್ಲ ಎಂಬ ಶಿಸ್ತು ಗಟ್ಟಿಯಾಗಿ ಹೇಳಿದರು. ಆಲ್ಕೋಹಾಲ್ ಒರೆಸಿದ ಮೇಲೆ ಅದು ಆರುವ ತನಕ ಕಾಯಬೇಕು, ಹಸಿ ಇರುವಾಗಲೇ ಚುಚ್ಚಿದರೆ ಉರಿಯುತ್ತದೆ, ಕೀಟಾಣುವೂ ಪೂರ್ತಿ ಸಾಯುವುದಿಲ್ಲ ಎಂದರು. ಇಷ್ಟೆಲ್ಲ ಹೇಳಿ, ಬಳಸಿದ ಸೂಜಿ ಹಾಕಲು ಮೊದಲ ದಿನ ಇಟ್ಟದ್ದು ಖಾಲಿ ನೀರಿನ ಬಾಟಲಿಗಳು! ತೆಳು ಪ್ಲಾಸ್ಟಿಕ್ಕಿನಿಂದ 60ರ ಸೂಜಿಯ ತುದಿ ಹೊರಗೆ ಬರಲು ಎಷ್ಟು ಹೊತ್ತು? 2016ರ ಬಯೋಮೆಡಿಕಲ್ ತ್ಯಾಜ್ಯ ನಿಯಮದ ಪ್ರಕಾರ ಚೂಪಾದದ್ದೆಲ್ಲ ತೂತು ಬೀಳದ, ಬಿಳಿಯ ಅರೆಪಾರದರ್ಶಕ ಡಬ್ಬಿಗೆ, ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ, ಗ್ಲೌಸ್ ಕೆಂಪಿಗೆ. ಕೇಳಿದ ಮೇಲೆ ಎರಡನೆಯ ದಿನ ಬಿಳಿ ಡಬ್ಬಿ ಬಂತು. ಸೂಜಿ ಹಾಕಲು ಶುರು ಮಾಡಿದ ಕ್ಲಿನಿಕ್ಕು ಒಂದು ಹಾಸಿಗೆಯೂ ಇಲ್ಲದ್ದಾದರೂ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು ಎಂಬ ಮಾತು ಎರಡೂ ದಿನ ಬರಲಿಲ್ಲ.

ಎಣಿಕೆಯ ಅಭ್ಯಾಸವನ್ನೂ ಮಾಡಿಸಲಿಲ್ಲ. ಎಷ್ಟು ಪೊಟ್ಟಣ ಹರಿದಿರಿ, ಎಷ್ಟು ಸೂಜಿ ಡಬ್ಬಿಗೆ ಬಿತ್ತು, ಎರಡೂ ತಾಳೆಯಾಗದೆ ರೋಗಿಯನ್ನು ಏಳಿಸಬಾರದು. ಕೂದಲಿನಂಚಿನಲ್ಲಿ, ಬೆಡ್‌ಶೀಟಿನ ಮಡಿಕೆಯಲ್ಲಿ ಉಳಿದ ಸೂಜಿ ಸಿಗುವುದು ಸ್ವಚ್ಛತೆಯ ಕೆಲಸದವರ ಕೈಗೆ. ನಿಮಗೇ ಚುಚ್ಚಿಕೊಂಡರೆ ಹಿಂಡಬಾರದು. ಸಾಬೂನು-ನೀರಿನಲ್ಲಿ ತೊಳೆದು, ಎಚ್‌ಐವಿ ತಡೆಯ ಔಷಧ ಬೇಕೋ ಎಂದು ಎರಡು ತಾಸಿನೊಳಗೆ ಕೇಳುವುದು ಒಳ್ಳೆಯದು, 72 ತಾಸು ದಾಟಿದರೆ ಉಪಯೋಗವಿಲ್ಲ. ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳಿನ ಮೂರು ಡೋಸ್ ಆಗದವರು ಈ ತರಬೇತಿಗೆ ಹೋಗಲೇಬಾರದು. ಒಬ್ಬರ ಮೈಮೇಲೆ ಒಬ್ಬರು ಅಭ್ಯಾಸ ಮಾಡುವ ಜಾಗ ಅದು, ಲಸಿಕೆ ಆಗಿದೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಉಪವಾಸವಿದ್ದೀರಾ ಎಂದೂ ಕೇಳುವುದಿಲ್ಲ. ಶನಿವಾರ ಒಪ್ಪತ್ತು ಹಿಡಿದಿದ್ದ ಒಬ್ಬರು ಎರಡನೆಯ ಸೂಜಿಗೇ ಬೆವೆತು ಬಿಳಿಚಿಕೊಂಡರು. ಶ್ರಾವಣ ಸೋಮವಾರ ಕ್ಲಿನಿಕ್ಕಿಗೆ ಬರುವವರಿಗೆ ಮೊದಲ ಪ್ರಶ್ನೆ ಇದೇ ಇರಲಿ: "ಏನರ ತಿಂದ ಬಂದೀರೇನ್ರಿ?"

ಒಪ್ಪಿಗೆ ಪತ್ರ ಬರೀ ಇಂಗ್ಲಿಷಿನಲ್ಲಿತ್ತು. ಇದು ಸಣ್ಣ ಕೊರತೆಯಲ್ಲ. ನಮ್ಮ ಕಡೆ "ಸೂಜಿ ಮಾಡಿದ್ರು" ಎಂದರೆ ಇಂಜೆಕ್ಷನ್ ಕೊಟ್ಟರು ಎಂದೇ ಅರ್ಥ. ಔಷಧ ಇಲ್ಲದ ಸೂಜಿ ಎಂದು ಬಿಡಿಸಿ ಹೇಳದಿದ್ದರೆ ಮನೆಗೆ ಹೋಗಿ ನೋವಿನ ಇಂಜೆಕ್ಷನ್ ಆಗಿದೆ ಎಂದು ಮಾತ್ರೆ ಬಿಡುತ್ತಾರೆ. "ಆಂಟಿಕೋಆಗ್ಯುಲಂಟ್ ತಗೋತೀರಾ" ಎಂದರೆ ಇಲ್ಲ ಎಂದು ತಲೆ ಅಲ್ಲಾಡಿಸುತ್ತಾರೆ. "ರಕ್ತ ತೆಳ್ಳಗಾಗೋ ಗುಳಿಗಿ ನಡದಾವೇನ್ರಿ? ಹೃದಯಕ್ಕ ಸ್ಟೆಂಟ್ ಹಾಕ್ಯಾರೇನ್ರಿ?" ಎಂದರೆ ಚೀಲದಿಂದ ಚೀಟಿ ಹೊರಗೆ ಬರುತ್ತದೆ. ಮೊದಲ ಮೂರು ತಿಂಗಳ ಬಸಿರು, ಸ್ತನ ಕ್ಯಾನ್ಸರಿನ ಆಪರೇಶನ್ ಆಗಿ ಬಾತ ಕೈ, ಫಿಟ್ಸ್, ಹತೋಟಿಯಲ್ಲಿರದ ಸಕ್ಕರಿ, ಜೋಮು ಹಿಡಿದ ಪಾದ, ಇವನ್ನೆಲ್ಲ ಇದೇ ಭಾಷೆಯಲ್ಲಿ ಕೇಳಬೇಕು. ಸೂಜಿಗೇ ಅಂಜುವವರನ್ನು ಒತ್ತಾಯಿಸಬಾರದು. ಅಡ್ಡ ಪರಿಣಾಮ ಹೇಳುವಾಗ ಅಂಕೆ ಕೊಟ್ಟರೆ ನಂಬಿಕೆ ಬರುತ್ತದೆ: ಐರ್ಲೆಂಡಿನ ಕಡೆಯಿಂದ 2014ರಲ್ಲಿ ಬಂದ ಸಮೀಕ್ಷೆಯಲ್ಲಿ 39 ಫಿಸಿಯೋಥೆರಪಿಸ್ಟರ 7,629 ಚಿಕಿತ್ಸೆಗಳ ಪೈಕಿ ಶೇಕಡಾ 19ರಷ್ಟರಲ್ಲಿ ಸಣ್ಣಪುಟ್ಟ ತೊಂದರೆ ದಾಖಲಾಯಿತು, ಎಲ್ಲಕ್ಕಿಂತ ಹೆಚ್ಚು ಕಂಡದ್ದು ಕಂದುಗಟ್ಟುವಿಕೆ, ಶೇಕಡಾ 7.55. ಗಂಭೀರವಾದದ್ದು ಅದರಲ್ಲಿ ಒಂದೂ ಇರಲಿಲ್ಲ. ಹಾಗಂತ ಆಗುವುದೇ ಇಲ್ಲ ಎಂದಲ್ಲ.

ಆಗುವುದರಲ್ಲಿ ದೊಡ್ಡದು ನ್ಯೂಮೋಥೊರಾಕ್ಸ್, ಪುಪ್ಪುಸಕ್ಕೆ ತೂತಾಗಿ ಎದೆಗೂಡಿನಲ್ಲಿ ಗಾಳಿ ತುಂಬುವುದು. ತರಬೇತಿಯಲ್ಲಿ ಎಕ್ಸ್-ರೇ ಚಿತ್ರ ತೋರಿಸಿದರು, ಮುಂದೇನು ಮಾಡಬೇಕು ಎಂಬುದನ್ನು ಒಮ್ಮೆಯೂ ನಟಿಸಿ ತೋರಿಸಲಿಲ್ಲ. ಲಕ್ಷಣ ಟೇಬಲ್ ಮೇಲೆಯೇ ಕಾಣಬೇಕೆಂದಿಲ್ಲ, ಗಂಟೆಗಟ್ಟಲೆ ತಡವಾಗಿ, ಮರುದಿನವೂ ಬರಬಹುದು. ಆದ್ದರಿಂದ ಹೆಗಲು, ಬೆನ್ನಿಗೆ ಸೂಜಿ ಹಾಕಿಸಿಕೊಂಡ ಪ್ರತಿಯೊಬ್ಬರ ಕೈಗೂ ಒಂದು ಕನ್ನಡ ಚೀಟಿ ಕೊಡಬೇಕು, ಬಾಯಲ್ಲೂ ಹೇಳಬೇಕು: "ದಮ್ಮ ಹತ್ತಿದ್ರ, ಎದಿ ಚುಚ್ಚಿದ್ರ, ಒಣಾ ಕೆಮ್ಮು ಸುರು ಆದ್ರ ರಾತ್ರಿ ಆದ್ರೂ ತಡಾ ಮಾಡಬ್ಯಾಡ್ರಿ. ದೊಡ್ಡ ದವಾಖಾನಿ ಎಮರ್ಜೆನ್ಸಿಗೆ ಹೋಗ್ರಿ, ಬೆನ್ನಿಗೆ ಸೂಜಿ ಹಾಕಿಸ್ಕೊಂಡೀನಿ ಅಂತ ಮೊದಲ ಹೇಳ್ರಿ." ಕೊನೆಯ ಮಾತೇ ಮುಖ್ಯ. ಅದನ್ನು ಹೇಳದಿದ್ದರೆ ಗ್ಯಾಸ್ಟ್ರಿಕ್ ಎಂದು ಗುಳಿಗೆ ಕೊಟ್ಟು ಕಳಿಸುವ ಸಂಭವವಿದೆ. ಕ್ಲಿನಿಕ್ಕಿನಲ್ಲೇ ಆದರೆ ಸೂಜಿ ನಿಲ್ಲಿಸಿ, ಆಕ್ಸಿಮೀಟರ್ ಹಾಕಿ, ಎರಡೂ ಕಡೆ ಉಸಿರಿನ ಸದ್ದು ಕೇಳಿ, ಎಕ್ಸ್-ರೇ ಇರುವ ಆಸ್ಪತ್ರೆಗೆ ನೀವೇ ಜೊತೆಗೆ ಹೋಗಿ.

ಕೊನೆಗೆ ಕೊಟ್ಟ ಪ್ರಮಾಣಪತ್ರ ಚೆಂದ ಇದೆ, ಬಂಗಾರದ ಅಂಚು. ಅದು ಹಾಜರಾತಿಯ ಕಾಗದ, ಪರವಾನಗಿಯಲ್ಲ. ಪರೀಕ್ಷೆ ಎಂದು 20 ವಸ್ತುನಿಷ್ಠ ಪ್ರಶ್ನೆ ಇತ್ತು, ಕೈ ನೋಡಿ ಅಂಕ ಕೊಡುವ ಪರೀಕ್ಷೆ ಇರಲಿಲ್ಲ, ಎಲ್ಲರೂ ಪಾಸು. ಗೋಡೆಗೆ ತೂಗುಹಾಕುವ ಮುಂಚೆ ನಿಮ್ಮ ವೃತ್ತಿ ವಿಮೆಯ ಪಾಲಿಸಿ ತೆಗೆದು, ಚರ್ಮ ದಾಟುವ ಚಿಕಿತ್ಸೆ ಅದರೊಳಗೆ ಬರುತ್ತದೆಯೇ ಎಂದು ಲಿಖಿತವಾಗಿ ಕೇಳಿಕೊಳ್ಳಿ.

ಎರಡನೆಯ ಹಂತದ ಕೋರ್ಸಿಗೆ ಅಲ್ಲೇ ಹೆಸರು ಬರೆಸಿದರೆ ರಿಯಾಯಿತಿ ಎಂದರು. ಅವಸರ ಬೇಡ. ಮೊದಲು ಮುಂಗೈ, ಪೃಷ್ಠ, ಮೀನಖಂಡ ಇಷ್ಟರಲ್ಲೇ ಕೆಲವು ತಿಂಗಳು ಕೈ ಪಳಗಲಿ. ಪ್ರತಿ ಸೂಜಿಗೂ ಒಂದು ಸಾಲು ಬರೆಯಿರಿ: ಸ್ನಾಯು, ಸೂಜಿಯ ಉದ್ದ, ಹೋದ ಆಳ, ತುದಿಯ ದಿಕ್ಕು, ಮುಟ್ಟಿದ್ದು ಮೂಳೆಯೋ ಅಲ್ಲವೋ, ಎಷ್ಟು ಒಳಗೆ ಎಷ್ಟು ಹೊರಗೆ, ಮರುದಿನ ಫೋನಿನಲ್ಲಿ ರೋಗಿ ಹೇಳಿದ್ದೇನು.

ಮುಂದಿನ ಬ್ಯಾಚಿಗೆ ದುಡ್ಡು ಹಾಕುವ ಮೊದಲು ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ. ಚಿಕಿತ್ಸೆಯ ಟೇಬಲ್ ಎಷ್ಟು, ಕಲಿಸುವವರು ಎಷ್ಟು ಮಂದಿ, ಮೈಮೇಲಿನ ಮೊದಲ ಸೂಜಿ ಯಾವ ಸ್ನಾಯುವಿಗೆ. ಮೂರನೆಯದಕ್ಕೆ ಟ್ರೆಪೀಜಿಯಸ್ ಎಂದು ಉತ್ತರ ಬಂದರೂ ಹೋಗುವ ಮನಸ್ಸಿದ್ದರೆ ಶಿಕ್ಷಕರ ಪಕ್ಕದ ಟೇಬಲನ್ನೇ ಹಿಡಿಯಿರಿ, 25ರ ಸೂಜಿಯನ್ನೇ ತೆಗೆಯಿರಿ, ಜೋಡಿಯಾಗಿ ಸಿಕ್ಕವರು ತೀರಾ ತೆಳ್ಳಗಿದ್ದರೆ ಆ ಸ್ನಾಯು ಬೇಡ, ಮುಂಗೈ ಕೊಡಿ ಅನ್ನಿ.